ಯುನೆಸ್ಕೋ ಪಟ್ಟಿಗೆ ಸೇರಿದ್ರೆ ನಮ್ಮ ಮನೆ ಜಾಗ ಹೋಗುತ್ತಾ?

ಪ್ರಶ್ನೆ: ಸರ್, ನಮ್ಮ ಮನೆ ಹಳೇಬೀಡಲ್ಲಿ, ಹೊಯ್ಸಳೇಶ್ವರ ದೇವಸ್ಥಾನಕ್ಕೆ ಹತ್ರ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು ಅಂದಾಗ ಊರೆಲ್ಲಾ ಖುಷಿಪಟ್ವಿ. ಈಗ ನೋಡಿದ್ರೆ ಮನೆ ಮೇಲೆ ಒಂದು ರೂಮ್ ಕಟ್ಟೋಕೂ ಆಗಲ್ಲ, ಮುಂದೆ ಯುನೆಸ್ಕೋದವ್ರು ಜಾಗಾನೇ ತಗೋತಾರೆ ಅಂತ ಮಾತಾಡ್ತಿದ್ದಾರೆ. ನಿಜಾನಾ? ಪಟ್ಟಿಗೆ ಸೇರಿದ್ರಿಂದ ಊರಿಗೆ ದುಡ್ಡೇನಾದ್ರೂ ಬರುತ್ತಾ? ಇನ್ನೊಂದು, ನಮ್ಮ ತಾಯಿ ತವರೂರಲ್ಲೂ ಹೊಯ್ಸಳರ ಕಾಲದ್ದು ಅಂತ ಹೇಳೋ ಒಂದು ಸಣ್ಣ ಗುಡಿ ಇದೆ, ಯಾವ ಬೋರ್ಡೂ ಇಲ್ಲ, ಯಾರೂ ಕೇಳೋರಿಲ್ಲ. ಅದನ್ನ ಉಳಿಸೋಕೆ ಏನ್ ಮಾಡ್ಬೇಕು?

ಉತ್ತರ: ಮೊದ್ಲು ನಿಮ್ಮ ಭಯ ಹೋಗಲಿ. ಯುನೆಸ್ಕೋ ನಿಮ್ಮ ಜಾಗ ತಗೊಳ್ಳಲ್ಲ, ತಗೊಳ್ಳೋಕೆ ಅದಕ್ಕೆ ಅಧಿಕಾರಾನೇ ಇಲ್ಲ. ವಿಶ್ವ ಪರಂಪರೆ ಅನ್ನೋದು 1972ರಲ್ಲಿ ದೇಶ ದೇಶಗಳು ಸೇರಿ ಮಾಡ್ಕೊಂಡ ಒಂದು ಒಪ್ಪಂದ, ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು 1977ರಲ್ಲಿ. ಆ ಒಪ್ಪಂದದ 6ನೇ ವಿಧಿಯಲ್ಲೇ ಬರೆದಿದೆ, ತಾಣ ಯಾವ ದೇಶದಲ್ಲಿದೆಯೋ ಆ ದೇಶದ ಸಾರ್ವಭೌಮತ್ವಕ್ಕೆ ಧಕ್ಕೆ ಇಲ್ಲ, ಆ ದೇಶದ ಕಾನೂನು ಕೊಟ್ಟಿರೋ ಆಸ್ತಿ ಹಕ್ಕಿಗೂ ಧಕ್ಕೆ ಇಲ್ಲ ಅಂತ. ಯುನೆಸ್ಕೋ ಕಚೇರಿ ಇರೋ ಪ್ಯಾರಿಸ್‌ನಿಂದ ಯಾರೂ ಬಂದು ನಿಮ್ಮ ಮನೆಗೆ ನೋಟಿಸ್ ಅಂಟಿಸೋಕಾಗಲ್ಲ. ನೋಟಿಸ್ ಬಂತು ಅಂದ್ರೆ ಅದು ನಮ್ಮ ದೇಶದ ಕಾನೂನಿನ ಪ್ರಕಾರ, ನಮ್ಮದೇ ಇಲಾಖೆಯಿಂದ ಬರೋದು, ಹಾಗಾಗಿ ಅದರ ಮೇಲೆ ಸೆಕ್ಷನ್ ಯಾವ್ದು ಹಾಕಿದ್ದಾರೆ ಅಂತ ಮೊದ್ಲು ನೋಡಿ.

ಮನೆ ಮೇಲೆ ರೂಮ್ ಕಟ್ಟೋಕಾಗಲ್ಲ ಅನ್ನೋದು ಮಾತ್ರ ನಿಜ ಇರಬಹುದು, ಆದ್ರೆ ಅದಕ್ಕೂ 2023ಕ್ಕೂ ಸಂಬಂಧ ಇಲ್ಲ. ಹೊಯ್ಸಳೇಶ್ವರ ದೇವಸ್ಥಾನ ಮುಂಚಿನಿಂದಲೂ ಕೇಂದ್ರ ಪುರಾತತ್ವ ಇಲಾಖೆ, ಅಂದ್ರೆ ಎಎಸ್‌ಐ ರಕ್ಷಣೇಲಿರೋ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದಕ್ಕೆ ಮೂಲ, ಆ ಕಾಯ್ದೆ ಕೆಳಗೆ 1992ರ ಜೂನ್ 16ಕ್ಕೆ ಒಂದು ಅಧಿಸೂಚನೆ ಹೊರಡಿಸಿ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ ಮಾಡಿದ್ರು. ಆಮೇಲೆ ಅಲ್ಲಲ್ಲಿ ಅನುಮತಿ ಕೊಡ್ತಾ ಹೋದ್ರು, ಅದು ಕೋರ್ಟಲ್ಲಿ ಬಿದ್ದುಹೋಯ್ತು, ಕೊನೆಗೆ 2010ರಲ್ಲಿ ಪಾರ್ಲಿಮೆಂಟೇ ಕಾಯ್ದೆಗೆ ತಿದ್ದುಪಡಿ ತಂದು ಆ 100, 200 ಮೀಟರ್‌ನ ಕಾಯ್ದೆ ಒಳಗೇ ಸೇರಿಸಿಬಿಡ್ತು. ಅಂದ್ರೆ ಯುನೆಸ್ಕೋ ಪಟ್ಟಿಗೆ ಸೇರದೇ ಇದ್ದಿದ್ರೂ ನಿಮಗೆ ಇದೇ ರೂಲ್ಸ್ ಇರ್ತಿತ್ತು. ಯುನೆಸ್ಕೋ ಪಟ್ಟೀಲಿ ಇಲ್ಲದ, ಆದ್ರೆ ಎಎಸ್‌ಐ ರಕ್ಷಣೇಲಿರೋ ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ಗುಡಿ ಸುತ್ತ ಇರೋರಿಗೂ ಇದೇ ರೂಲ್ಸು, ತಾಜ್ ಮಹಲ್ ಪಕ್ಕದಲ್ಲಿರೋರಿಗೂ ಇದೇ.

ಈ ರೂಲ್ಸ್ ಬಗ್ಗೆ ಊರುಗಳಲ್ಲಿ ಎಷ್ಟು ತಪ್ಪು ಮಾಹಿತಿ ಓಡಾಡುತ್ತೆ ಅಂದ್ರೆ, ಅದ್ರಿಂದಾನೇ ಜನರಿಗೆ ಸ್ಮಾರಕದ ಮೇಲೆ ಸಿಟ್ಟು ಬರೋದು. ಹಾಗಾಗಿ ಬಿಡಿಸಿ ಹೇಳ್ತೀನಿ. 100 ಮೀಟರ್ ಅಳೆಯೋದು ಗರ್ಭಗುಡಿಯಿಂದಲೂ ಅಲ್ಲ, ಗೋಡೆಯಿಂದಲೂ ಅಲ್ಲ, ಸಂರಕ್ಷಿತ ಪ್ರದೇಶ ಅಂತ ಗೆಜೆಟ್‌ನಲ್ಲಿ ಗುರುತು ಮಾಡಿರೋ ಗಡಿಯಿಂದ. ಹಾಗಾಗಿ ದೇವಸ್ಥಾನದ ಕಟ್ಟಡದಿಂದ 150 ಮೀಟರ್ ದೂರ ಇದ್ದೀವಿ ಅಂತ ಅಂದ್ಕೊಂಡೋರು ನಿಷೇಧಿತ ಪ್ರದೇಶದಲ್ಲೇ ಇರಬಹುದು. ನಿಮ್ಮ ಸರ್ವೆ ನಂಬರ್ ಎಲ್ಲಿ ಬೀಳುತ್ತೆ ಅಂತ ಬರವಣಿಗೇಲಿ ಕೇಳಿ ತಗೊಳ್ಳಿ, ಬಾಯಿಮಾತು ಬೇಡ.

ನಿಷೇಧಿತ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ. ಇರೋ ಕಟ್ಟಡವನ್ನ ಮೇಲಕ್ಕೆ ಅಥವಾ ಪಕ್ಕಕ್ಕೆ ಬೆಳೆಸೋದನ್ನೂ ಕಾಯ್ದೆ ಹೊಸ ಕಟ್ಟಡ ಅಂತಾನೇ ಲೆಕ್ಕಕ್ಕೆ ತಗೊಳ್ಳುತ್ತೆ, ಹಾಗಾಗಿ ನಿಮ್ಮ ಮನೆ ಆ ಗೆರೆ ಒಳಗಿದ್ರೆ ಮೇಲಿನ ರೂಮ್ ಆಗಲ್ಲ, ಬೇಜಾರಾದ್ರೂ ಇದನ್ನ ನೇರವಾಗೇ ಹೇಳ್ಬೇಕು. ಆದ್ರೆ ರಿಪೇರಿ ಬೇರೆ ವಿಷಯ. 1992ರ ಜೂನ್ 16ಕ್ಕಿಂತ ಮುಂಚೆ ಇದ್ದ ಮನೆ ಆದ್ರೆ ರಿಪೇರಿ, ನವೀಕರಣಕ್ಕೆ ಅರ್ಜಿ ಹಾಕೋ ಹಕ್ಕು ನಿಮಗೆ ಕಾಯ್ದೇಲೇ ಇದೆ. ಅದಕ್ಕೇ ಹಳೇ ಕಂದಾಯ ರಸೀದಿ, ಪಂಚಾಯ್ತಿ ಖಾತೆ, ಕರೆಂಟ್ ಬಿಲ್, ಹಳೇ ಫೋಟೋ ಏನಿದ್ರೂ ಜೋಪಾನವಾಗಿಟ್ಕೊಳ್ಳಿ, ಮನೆ ಯಾವಾಗಿಂದ ಇದೆ ಅಂತ ತೋರಿಸೋಕೆ ಅದೇ ಬೇಕಾಗೋದು. ಗೆರೆ ಆಚೆ ನಿಯಂತ್ರಿತ ಪ್ರದೇಶದಲ್ಲಿದ್ರೆ ಹೊಸದಾಗಿ ಕಟ್ಟಬಹುದು, ಆದ್ರೆ ಅನುಮತಿ ಬೇಕು, ಎತ್ತರಕ್ಕೆ ಮಿತಿ ಹಾಕಬಹುದು. ಅರ್ಜಿ ಹೋಗೋದು ರಾಜ್ಯಕ್ಕೆ ನೇಮಿಸಿರೋ ಸಕ್ಷಮ ಪ್ರಾಧಿಕಾರಕ್ಕೆ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ, ಅವರ ಶಿಫಾರಸು ಬಂದ್ಮೇಲೆ ಆದೇಶ. ಪಂಚಾಯ್ತಿ ಲೈಸೆನ್ಸ್ ಒಂದೇ ಸಾಕು ಅಂತ ಯಾರಾದ್ರೂ ಮೇಸ್ತ್ರಿ ಹೇಳಿದ್ರೆ ನಂಬ್ಬೇಡಿ, ಅನುಮತಿ ಇಲ್ಲದೇ ಕಟ್ಟಿದ್ರೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಊರಿಗೆ ಬೇಕಾದ ಚರಂಡಿ, ಸಾರ್ವಜನಿಕ ಶೌಚಾಲಯ, ನೀರಿನ ಪೈಪು, ಕರೆಂಟು, ಇವನ್ನ ಮಾತ್ರ ಕಾಯ್ದೆ ಕಟ್ಟಡ ಅನ್ನೋ ಲೆಕ್ಕದಿಂದ ಹೊರಗಿಟ್ಟಿದೆ, ಯಾರಾದ್ರೂ ಎಎಸ್‌ಐ ಹೆಸರು ಹೇಳಿ ಊರ ಚರಂಡಿ ಕೆಲಸ ನಿಲ್ಲಿಸ್ತಾರೆ ಅಂದ್ರೆ ಕೇಳೋ ಹಕ್ಕು ನಿಮಗಿದೆ.

ನನ್ನ ಸ್ವಂತ ಅಭಿಪ್ರಾಯ ಕೇಳಿದ್ರೆ, ದೇಶದ 3,600ಕ್ಕೂ ಹೆಚ್ಚು ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಎಲ್ಲಕ್ಕೂ ಒಂದೇ 100 ಮೀಟರ್ ಹಾಕಿರೋದು ಸರಿಯಲ್ಲ. ಬಯಲಲ್ಲಿ ಒಂಟಿಯಾಗಿ ನಿಂತಿರೋ ಒಂದು ವೀರಗಲ್ಲಿಗೂ ವಿಜಯಪುರದ ಗೋಳಗುಮ್ಮಟಕ್ಕೂ ಒಂದೇ ಅಳತೆ ಹೇಗೆ ಆಗುತ್ತೆ? ಇದಕ್ಕೆ ಪರಿಹಾರವೂ ಅದೇ 2010ರ ತಿದ್ದುಪಡೀಲಿದೆ, ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಬೈಲಾ ಮಾಡ್ಬೇಕು, ಸುತ್ತಮುತ್ತ ಎಷ್ಟು ಎತ್ತರ, ಎಂಥ ಮುಖಚಹರೆ, ಯಾವ ದಿಕ್ಕಿನ ನೋಟ ಉಳೀಬೇಕು ಅಂತ ಅದರಲ್ಲಿ ಬರೀಬೇಕು ಅಂತ. ಇಷ್ಟು ವರ್ಷ ಆದ್ರೂ ಹೆಚ್ಚಿನ ಸ್ಮಾರಕಗಳಿಗೆ ಆ ಬೈಲಾ ಆಗಿಲ್ಲ. ಕರಡು ಸಿದ್ಧ ಆದಾಗ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡ್ತಾರೆ, ಆಗ ನಿಮ್ಮಂಥೋರು ಗ್ರಾಮಸಭೇಲಿ ಕೂತು ಬರೆದು ಕಳಿಸ್ಬೇಕು. ಅಲ್ಲಿ ಸುಮ್ಮನಿದ್ದು ಆಮೇಲೆ ಟೀ ಅಂಗಡೀಲಿ ಬೈದ್ರೆ ಏನೂ ಬದಲಾಗಲ್ಲ.

ಹಂಗಾದ್ರೆ ಯುನೆಸ್ಕೋ ಪಟ್ಟಿ ಏನಕ್ಕೆ? ಅದು ನಮ್ಮ ದೇಶ ಬೇರೆ ದೇಶಗಳ ಮುಂದೆ ಕೊಟ್ಟಿರೋ ಒಂದು ಮಾತು, ಈ ಜಾಗವನ್ನ ನಾವು ನೋಡ್ಕೋತೀವಿ ಅಂತ. 1983ರಲ್ಲಿ ಅಜಂತಾ, ಎಲ್ಲೋರಾ, ಆಗ್ರಾ ಕೋಟೆ, ತಾಜ್ ಮಹಲ್ ಸೇರಿದ್ವು, 1986ರಲ್ಲಿ ಹಂಪಿ, 1987ರಲ್ಲಿ ಪಟ್ಟದಕಲ್ಲು, 2012ರಲ್ಲಿ ಪಶ್ಚಿಮ ಘಟ್ಟ, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ ಒಂದೇ ತಾಣವಾಗಿ 42ನೇದು. 2025ರಲ್ಲಿ ಮರಾಠರ ಕೋಟೆಗಳು ಸೇರಿ ಒಟ್ಟು 44 ಆದ್ವು, ಅದರಲ್ಲಿ 36 ಸಾಂಸ್ಕೃತಿಕ, 7 ನೈಸರ್ಗಿಕ, ಸಿಕ್ಕಿಂನ ಕಾಂಚನಜುಂಗಾ ಒಂದು ಎರಡೂ ಸೇರಿದ್ದು. ಪಟ್ಟಿಗೆ ಹೋಗೋ ಮುಂಚೇನೇ ದೇಶ ತೋರಿಸ್ಬೇಕು, ನಮ್ಮಲ್ಲಿ ಕಾನೂನಿದೆ, ನಿರ್ವಹಣಾ ಯೋಜನೆ ಇದೆ, ಸುತ್ತ ತಾಣವನ್ನ ಕಾಯೋ ಬಫರ್ ವಲಯ ಇದೆ ಅಂತ. ಅಂದ್ರೆ ರಕ್ಷಣೆ ಮೊದ್ಲು, ಪಟ್ಟಿ ಆಮೇಲೆ.

ದುಡ್ಡಿನ ಮಾತು ಬೇಗ ಮುಗಿಸ್ತೀನಿ. ಯುನೆಸ್ಕೋದಿಂದ ಹಳೇಬೀಡಿಗೆ ಅನುದಾನ ಬರುತ್ತೆ ಅಂತ ಕಾಯಬೇಡಿ. ವಿಶ್ವ ಪರಂಪರೆ ನಿಧಿ ಅಂತ ಒಂದಿದೆ, ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ ಕೆಲವೇ ಮಿಲಿಯನ್ ಡಾಲರ್, ಅದೂ ಹೆಚ್ಚಾಗಿ ಬಡ ದೇಶಗಳಿಗೆ ಮತ್ತೆ ತುರ್ತು ಪರಿಸ್ಥಿತಿಗೆ. ನಮ್ಮಲ್ಲಿ ಖರ್ಚು ಮಾಡೋದು ಎಎಸ್‌ಐ, ರಾಜ್ಯ ಸರ್ಕಾರ, ಪ್ರವಾಸೋದ್ಯಮ ಇಲಾಖೆ. ಊರಿಗೆ ಬರೋದು ಪ್ರವಾಸಿಗರ ಮೂಲಕ, ಅದು ನಿಮ್ಮೂರಿನವರ ಕೈಗೆ ಸಿಗುತ್ತಾ ಅಥವಾ ಹೊರಗಿನವರ ಹೋಟೆಲಿಗೆ ಹೋಗುತ್ತಾ ಅನ್ನೋದು ಪಾರ್ಕಿಂಗ್ ಎಲ್ಲಿ ಮಾಡ್ತಾರೆ, ಅಂಗಡಿ ಯಾರಿಗೆ ಕೊಡ್ತಾರೆ, ಗೈಡ್ ಲೈಸೆನ್ಸ್ ಯಾರಿಗೆ ಸಿಗುತ್ತೆ ಅನ್ನೋದ್ರ ಮೇಲೆ ನಿಂತಿದೆ.

ಪಟ್ಟಿಗೆ ಸೇರಿದ್ಮೇಲೆ ಏನೇನಾಗಬಹುದು ಅಂತ ತಿಳ್ಕೋಬೇಕಿದ್ರೆ ಹಂಪಿ ಕಥೆ ಗೊತ್ತಿರ್ಬೇಕು. ಹಂಪಿ ಎದುರಿನ ದಡದಲ್ಲಿರೋ ಆನೆಗೊಂದಿ ಜನಕ್ಕೆ ತುಂಗಭದ್ರೆ ದಾಟೋಕೆ ಹರಿಗೋಲೇ ಗತಿ ಇದ್ದ ಕಾಲ, ಮಳೆಗಾಲದಲ್ಲಿ ಹೊಳೆ ತುಂಬಿದ್ರೆ ಅದೂ ಇಲ್ಲ, ಹಾಗಾಗಿ ಸೇತುವೆ ಬೇಕು ಅನ್ನೋದು ನ್ಯಾಯವಾದ ಬೇಡಿಕೆ. ಆದ್ರೆ 1990ರ ದಶಕದಲ್ಲಿ ಸೇತುವೆ ಶುರು ಮಾಡಿದ್ದು ಸ್ಮಾರಕಗಳ ನಟ್ಟನಡುವೆ, ದೊಡ್ಡ ವಾಹನ ಹೋಗೋ ತೂಗುಸೇತುವೆ ಒಂದು, ವಿರುಪಾಪುರ ಗಡ್ಡೆ ಕಡೆಗೆ ಕಾಲ್ಸೇತುವೆ ಇನ್ನೊಂದು. ಪಟ್ಟೀಲಿರೋ ತಾಣದೊಳಗೆ ಇಷ್ಟು ದೊಡ್ಡ ಕೆಲಸ ಮಾಡೋಕೆ ಮುಂಚೆ ಯುನೆಸ್ಕೋದ ವಿಶ್ವ ಪರಂಪರೆ ಸಮಿತಿಗೆ ತಿಳಿಸಿ ಅಂತ ನಿಯಮ ಇದೆ, ಅದು ಸರಿಯಾಗಿ ಆಗಲಿಲ್ಲ, 1999ರಲ್ಲಿ ಹಂಪಿ ಅಪಾಯದಲ್ಲಿರೋ ತಾಣಗಳ ಪಟ್ಟಿಗೆ ಹೋಯ್ತು. ಆ ಅವಮಾನದಿಂದಾನೇ ನಮ್ಮವ್ರು ಎಚ್ಚೆತ್ತಿದ್ದು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ 2002ರಲ್ಲಿ ಬಂತು, ಬರೀ ಗುಡಿಗಳನ್ನಲ್ಲ, ಹೊಲ, ಕಾಲುವೆ, ಬಂಡೆ, ಹಳ್ಳಿ ಸೇರಿ ಸುಮಾರು 236 ಚದರ ಕಿಲೋಮೀಟರ್‌ನ ಒಟ್ಟಿಗೆ ನೋಡ್ಬೇಕು ಅನ್ನೋ ಯೋಚನೆ ಬಂತು, 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಗೆ ಬಂತು. ಆನೆಗೊಂದಿ ಸೇತುವೆ 2009ರ ಜನವರೀಲಿ, ಕೆಲಸ ನಡೀತಿರುವಾಗಲೇ ಕುಸಿದು ಕೂಲಿಕಾರರು ಸತ್ತುಹೋದ್ರು. ಆಮೇಲೆ ಬುಕ್ಕಸಾಗರ, ಕಡೇಬಾಗಿಲು ಕಡೆ, ಸ್ಮಾರಕಗಳಿಂದ ದೂರದಲ್ಲಿ ಸೇತುವೆ ಬಂತು, ಜನಕ್ಕೂ ದಾರಿ ಆಯ್ತು. ಮೊದ್ಲೇ ಅಲ್ಲಿ ಕಟ್ಟಿದ್ರೆ ಅಷ್ಟು ವರ್ಷ, ಅಷ್ಟು ದುಡ್ಡು, ಆ ಜೀವಗಳು ಉಳೀತಿದ್ವು ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಜರ್ಮನಿಯ ಡ್ರೆಸ್ಡೆನ್‌ನಲ್ಲೂ ಇದೇ ಆಯ್ತು, ನದಿ ಕಣಿವೆ ಮಧ್ಯ ಸೇತುವೆ ಬೇಡ ಅಂದ್ರೂ ಕಟ್ಟಿದ್ರು, 2009ರಲ್ಲಿ ಪಟ್ಟಿಯಿಂದಾನೇ ತೆಗೆದುಹಾಕಿದ್ರು. ಯುನೆಸ್ಕೋ ಕೈಲಿ ಇರೋ ಕೊನೇ ಅಸ್ತ್ರ ಅಷ್ಟೇ, ಹೆಸರು ತೆಗೆಯೋದು.

ಆದ್ರೆ ಹಂಪಿಯ ಇನ್ನೊಂದು ಮುಖ ಹೇಳದೇ ಬಿಟ್ರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ವಿರೂಪಾಕ್ಷ ಬಜಾರಿನ ಕಲ್ಲು ಮಂಟಪಗಳಲ್ಲಿ ಎಷ್ಟೋ ಕುಟುಂಬಗಳು ಅಂಗಡಿ ಇಟ್ಕೊಂಡು, ಸಂಸಾರ ಮಾಡ್ಕೊಂಡು ಇದ್ದವು. 2011ರ ಜುಲೈನಲ್ಲಿ ಅವರನ್ನ ಎಬ್ಬಿಸಿದ್ರು, ಕಡ್ಡಿರಾಂಪುರದ ಕಡೆ ಜಾಗ ಕೊಟ್ಟು ಕಳಿಸಿದ್ರು. ಮಂಟಪಗಳಿಗೆ ಇಟ್ಟಿಗೆ ಗೋಡೆ ಕಟ್ಟಿ, ಶಟರ್ ಹಾಕಿದ್ದು ತಪ್ಪೇ, ಅದನ್ನ ತೆಗೀಲೇಬೇಕಿತ್ತು. ಆದ್ರೆ ಆ ಬೀದಿ ಕಟ್ಟಿದ್ದೇ ವ್ಯಾಪಾರಕ್ಕೆ, ತೇರಿಗೆ, ಜಾತ್ರೆಗೆ. ಅಲ್ಲಿದ್ದವ್ರನ್ನ ಕೂರಿಸಿ ಮಾತಾಡಿ, ಸಮಯ ಕೊಟ್ಟು, ಮೊದ್ಲು ನೆಲೆ ಮಾಡಿಕೊಟ್ಟು ಆಮೇಲೆ ಎಬ್ಬಿಸಬಹುದಿತ್ತು. ಅದನ್ನೂ ವಿರುಪಾಪುರ ಗಡ್ಡೆ ರೆಸಾರ್ಟುಗಳನ್ನೂ ಒಂದೇ ತಕ್ಕಡೀಲಿ ತೂಗಬಾರದು, ಆ ಹೊಳೆ ನಡುವಿನ ರೆಸಾರ್ಟುಗಳು ಅನುಮತಿ ಇಲ್ಲದೇ ಎದ್ದಿದ್ದು, ಸುಪ್ರೀಂ ಕೋರ್ಟ್ 2020ರಲ್ಲಿ ಅವನ್ನ ಕೆಡವೋ ಆದೇಶ ಎತ್ತಿಹಿಡಿದಿದ್ದು ಸರಿ. ನಿಮ್ಮೂರಲ್ಲಿ ಮುಂದೆ ಯಾವುದಾದ್ರೂ ಯೋಜನೆ ಬಂದಾಗ ಈ ವ್ಯತ್ಯಾಸ ಇಟ್ಕೊಂಡೇ ವಾದ ಮಾಡಿ, ತಲೆಮಾರಿನಿಂದ ಇರೋರು ಬೇರೆ, ಪಟ್ಟಿಗೆ ಸೇರ್ತು ಅಂತ ಜಾಗ ಹಿಡಿಯೋಕೆ ಓಡಿಬಂದೋರು ಬೇರೆ.

ಇದೇ ಭಯ ಕಾಡಿನ ಕಡೇನೂ ಇದೆ, ಇನ್ನೂ ಜಾಸ್ತಿ ಇದೆ. ಪಶ್ಚಿಮ ಘಟ್ಟದ 39 ತಾಣಗಳು ಪಟ್ಟಿಗೆ ಹೋದಾಗ ಕರ್ನಾಟಕದ್ದು 10 ಇದ್ವು, ಕುದುರೆಮುಖ, ಸೋಮೇಶ್ವರ, ಆಗುಂಬೆ, ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಹೀಗೆ. ಆಗಿನ ರಾಜ್ಯ ಸರ್ಕಾರಾನೇ ಬೇಡ ಅಂತ ವಿರೋಧ ಮಾಡಿತ್ತು, ಕೊಡಗಲ್ಲಿ ತೋಟದೋರು ಬೀದಿಗಿಳಿದಿದ್ರು. ಆದ್ರೆ ಆ ಹತ್ತೂ ಮುಂಚೇನೇ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಇಲ್ಲಾ ರಿಸರ್ವ್ ಫಾರೆಸ್ಟ್ ಆಗಿದ್ದವು, ವನ್ಯಜೀವಿ ಕಾಯ್ದೆ, ಅರಣ್ಯ ಕಾಯ್ದೆ ಮುಂಚೇನೇ ಇತ್ತು. ಜನ ಇದನ್ನ ಕಸ್ತೂರಿರಂಗನ್ ವರದಿ ಜೊತೆ ಸೇರಿಸಿ ಗೊಂದಲ ಮಾಡ್ಕೊಳ್ತಾರೆ, ಅದು ಪೂರ್ತಿ ಬೇರೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಕೆಳಗೆ ಸೂಕ್ಷ್ಮ ಪ್ರದೇಶ ಗುರುತು ಮಾಡೋ ಕೆಲಸ, ಕರಡಿನ ಮೇಲೆ ಕರಡು ಬರ್ತಾ ಇದೆ, ಅದರ ಬಗ್ಗೆ ವಾದ ಮಾಡೋದಿದ್ರೆ ಅದರ ಹೆಸರಲ್ಲೇ ಮಾಡೋಣ. ಕುದುರೆಮುಖದ ಗಣಿ ನಿಂತಿದ್ದೂ ಯುನೆಸ್ಕೋದಿಂದ ಅಲ್ಲ, ಇಲ್ಲಿನ ಜನ ಹೋರಾಡಿ, ಸುಪ್ರೀಂ ಕೋರ್ಟ್ ಆದೇಶ ಆಗಿ 2005ರ ಕೊನೇಲಿ ನಿಂತಿದ್ದು, ಪಟ್ಟಿಗೆ ಸೇರೋಕೂ ಆರು ವರ್ಷ ಮುಂಚೆ. ಗಣಿ ನಡೀತಾನೇ ಇದ್ದಿದ್ರೆ ಆ ಕಾಡು ಪಟ್ಟಿಗೆ ಹೋಗೋ ಮಾತೇ ಇರ್ತಿರ್ಲಿಲ್ಲ.

ಜನರನ್ನ ಹೊರಗಿಟ್ರೆ ಪ್ರಕೃತಿ ತಾನೇ ಸರಿಹೋಗುತ್ತೆ ಅನ್ನೋ ಅಧಿಕಾರಿಗಳೂ ಇದ್ದಾರೆ. ಅವರಿಗೆ ರಾಜಸ್ಥಾನದ ಭರತ್‌ಪುರ ನೆನಪಿಸ್ಬೇಕು. ಅಲ್ಲಿನ ಕೇವಲಾದೇವ್ ಪಕ್ಷಿಧಾಮದಲ್ಲಿ 1982ರಲ್ಲಿ ಎಮ್ಮೆ ದನ ಮೇಯಿಸೋದನ್ನ ನಿಲ್ಲಿಸಿದ್ರು, ಹಳ್ಳಿಯವ್ರು ತಿರುಗಿಬಿದ್ರು, ಗೋಲಿಬಾರ್ ಆಗಿ ಜನ ಸತ್ರು. ಆಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವ್ರ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲಿ ಗೊತ್ತಾಗಿದ್ದು ಏನು ಅಂದ್ರೆ, ಎಮ್ಮೆಗಳು ಮೇಯ್ತಿದ್ದಾಗ ನೀರಿನ ಹುಲ್ಲು ಹದ್ದುಬಸ್ತಲ್ಲಿತ್ತು, ನಿಲ್ಲಿಸಿದ್ಮೇಲೆ ಹುಲ್ಲು ಕೆರೆ ತುಂಬಾ ಹಬ್ಬಿ ಹಕ್ಕಿಗಳಿಗೇ ಕಷ್ಟ ಆಯ್ತು ಅಂತ. 1985ರಲ್ಲಿ ಪಟ್ಟಿಗೆ ಸೇರಿದ ಜಾಗ ಅದು. ನಮ್ಮಲ್ಲೂ ಎದೆ ತಟ್ಟಿ ಹೇಳೋ ಉದಾಹರಣೆ ಇದೆ, ದೇವನಹಳ್ಳಿ ಹತ್ರ ನಲ್ಲೂರಿನ ಹುಣಸೆ ತೋಪು, ಸುಮಾರು 54 ಎಕರೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು. 2002ರ ಜೀವವೈವಿಧ್ಯ ಕಾಯ್ದೆ ಕೆಳಗೆ ರಾಜ್ಯ ಸರ್ಕಾರಾನೇ ಸ್ಥಳೀಯ ಸಂಸ್ಥೆಗಳ ಜೊತೆ ಮಾತಾಡಿ ಘೋಷಣೆ ಮಾಡಬಹುದು, ಪ್ಯಾರಿಸ್ ತನಕ ಹೋಗೋದೇ ಬೇಡ. ನಿಮ್ಮ ಕಡೆ ದೇವರಬನ ಇದ್ರೆ ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ಸಮಿತೀಲಿ ಈ ಮಾತು ಎತ್ತಿ.

ಈಗ ನಿಮ್ಮ ತಾಯಿ ತವರೂರಿನ ಗುಡಿ. ನಿಜ ಹೇಳ್ಬೇಕು ಅಂದ್ರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ಆಗಿದ್ದು ಇದೇ. ಹಳೇಬೀಡಿಗೆ ಕಾವಲುಗಾರರಿದ್ದಾರೆ, ಕ್ಯಾಮೆರಾ ಇದೆ, ಜಗತ್ತೇ ನೋಡ್ತಿದೆ. ಬೋರ್ಡಿಲ್ಲದ ಗುಡಿಗೆ ಊರಿನವರನ್ನ ಬಿಟ್ರೆ ಯಾರೂ ಇಲ್ಲ. ಬೋರ್ಡ್ ಹಾಕಿದ್ರೂ ಸಾಲಲ್ಲ, ದೊಡ್ಡಗದ್ದವಳ್ಳಿಯ ಕಾಳಿ ವಿಗ್ರಹ ಎಎಸ್‌ಐ ರಕ್ಷಣೇಲಿದ್ರೂ 2020ರಲ್ಲಿ ಒಡೆದುಹೋಗಿದ್ದು ನಮ್ಮ ಜಿಲ್ಲೇಲೇ, 2013ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ ವರದಿ ದೇಶದಲ್ಲಿ 92 ಸಂರಕ್ಷಿತ ಸ್ಮಾರಕಗಳೇ ಕಾಣ್ತಿಲ್ಲ ಅಂತ ಬರೆದಿತ್ತು.

ಮೊದ್ಲು ಆ ಗುಡಿಯ ದಾಖಲೆ ಮಾಡಿ. ನಾಲ್ಕೂ ಕಡೆಯಿಂದ ಫೋಟೋ, ಒಳಗಿನ ವಿಗ್ರಹಗಳ ಪ್ರತ್ಯೇಕ ಫೋಟೋ ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು, ಶಾಸನದ ಕಲ್ಲಿದ್ರೆ ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ತೆಗೀರಿ, ಅಕ್ಷರ ಎದ್ದು ಕಾಣ್ತವೆ. ವಿಗ್ರಹ ಕಳುವಾದ್ರೆ ವಾಪಸ್ ತರೋಕೆ ಈ ಫೋಟೋನೇ ಸಾಕ್ಷಿ. ಊರಿನ ಶಾಸನ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನಗಳ ಪುಸ್ತಕಮಾಲೆಯ ಆ ಜಿಲ್ಲೆ ಸಂಪುಟದಲ್ಲಿ ಈಗಾಗ್ಲೇ ಅಚ್ಚಾಗಿರಬಹುದು, ಜಿಲ್ಲಾ ಗ್ರಂಥಾಲಯದಲ್ಲಿ ಊರ ಹೆಸರು ಹಿಡಿದು ಹುಡುಕಿ, ಸಿಕ್ಕಿದ್ರೆ ಗುಡಿಯ ಕಾಲ, ಕಟ್ಟಿಸಿದೋರು, ದತ್ತಿ ಬಿಟ್ಟ ಹೊಲ ಎಲ್ಲಾ ಗೊತ್ತಾಗುತ್ತೆ. ಆಮೇಲೆ ಸರ್ವೆ ನಂಬರ್, ಪಹಣಿ, ಫೋಟೋ, ಶಾಸನದ ವಿವರ, ಗ್ರಾಮಸಭೆ ನಿರ್ಣಯ ಎಲ್ಲಾ ಸೇರಿಸಿ ಮೈಸೂರಲ್ಲಿರೋ ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಅರ್ಜಿ ಕೊಡಿ. ರಾಜ್ಯಕ್ಕೆ ತನ್ನದೇ 1961ರ ಕಾಯ್ದೆ ಇದೆ, ಅದರ ಕೆಳಗೆ ಮೊದ್ಲು ಉದ್ದೇಶದ ಅಧಿಸೂಚನೆ, ಆಕ್ಷೇಪಣೆಗೆ ಎರಡು ತಿಂಗಳು, ಆಮೇಲೆ ಅಂತಿಮ ಅಧಿಸೂಚನೆ. ಪೂಜೆ ನಿಂತುಹೋಗುತ್ತೆ ಅಂತ ಹಿರೀಕರು ಹೆದರಿದ್ರೆ ಬೇಲೂರು ಚೆನ್ನಕೇಶವನನ್ನ ತೋರಿಸಿ, ಸಂರಕ್ಷಿತ ಸ್ಮಾರಕ ಆಗಿದ್ರೂ ನಿತ್ಯ ಪೂಜೆ, ರಥೋತ್ಸವ ಎಲ್ಲಾ ನಡೀತಾ ಇದೆ.

ಈ ಪ್ರಕ್ರಿಯೆಗೆ ವರ್ಷಗಟ್ಟಲೆ ಹಿಡಿಯುತ್ತೆ, ಅಷ್ಟರಲ್ಲಿ ಊರಿನವರೇ ಜೀರ್ಣೋದ್ಧಾರ ಅಂತ ಕೈ ಹಾಕಿದ್ರೆ ಕೆಡೋದು ಅಲ್ಲೇ. ಭಕ್ತಿಯಿಂದಾನೇ ಮಾಡ್ತಾರೆ, ಆದ್ರೆ ಬಳಪದ ಕಲ್ಲಿಗೆ ಆಯಿಲ್ ಪೇಂಟ್ ಹೊಡೆಯೋದು, ನೆಲಕ್ಕೆ ಟೈಲ್ಸ್, ಸಂದಿಗೆ ಸಿಮೆಂಟ್, ಮುಂದೆ ಸ್ಟೀಲ್ ಗ್ರಿಲ್, ಕೊನೆಗೆ ಪೇಂಟ್ ತೆಗೆಯೋಕೆ ಅಂತ ಮರಳು ಚಿಮ್ಮಿಸೋ ಮಷಿನ್. ಆ ಮಷಿನ್ ಒಂದು ಮಧ್ಯಾಹ್ನದಲ್ಲಿ 800 ವರ್ಷದ ಉಳಿ ಗುರುತನ್ನ ಅಳಿಸಿಬಿಡುತ್ತೆ. ಸಿಮೆಂಟ್ ನೀರನ್ನ ಹೊರಗೆ ಬಿಡಲ್ಲ, ತೇವ ಕಲ್ಲೊಳಗೇ ನಿಂತು ಉಪ್ಪು ಮೇಲೆದ್ದು ಪದರ ಪದರವಾಗಿ ಕಿತ್ತುಬರುತ್ತೆ. ಹಳಬರು ಸುಣ್ಣದ ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕಿ ಮಾಡ್ತಿದ್ದಿದ್ದು ಉಸಿರಾಡುತ್ತೆ, ಬೇಕಾದ್ರೆ ಬಿಡಿಸಿ ಮತ್ತೆ ಹಾಕಬಹುದು. ಗುಡಿ ಬೀಳೋ ಸ್ಥಿತೀಲಿದ್ರೆ ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿಗೆ ಬರೀರಿ, ಸರ್ಕಾರ, ಟ್ರಸ್ಟ್, ಊರಿನವರು ಮೂರೂ ಪಾಲು ಹಾಕಿ ಹಳೇ ಕಲ್ಲನ್ನೇ ಬಿಚ್ಚಿ ನಂಬರ್ ಹಾಕಿ ಮತ್ತೆ ಜೋಡಿಸೋ ಕೆಲಸ ಅವ್ರು ನೂರಾರು ಗುಡಿಗಳಲ್ಲಿ ಮಾಡಿದ್ದಾರೆ. ಸದ್ಯಕ್ಕೆ ನೀವೇ ಮಾಡಬಹುದಾದ್ದು ಎರಡು, ಮಳೆನೀರು ಗೋಡೆ ಬುಡದಲ್ಲಿ ನಿಲ್ಲದ ಹಾಗೆ ಕಾಲುವೆ ತೆಗೆಯೋದು, ಅದೂ ಬುಡಕ್ಕಿಂತ ದೂರದಲ್ಲಿ, ಮತ್ತೆ ಶಿಖರದ ಮೇಲೆ ಹುಟ್ಟಿರೋ ಅರಳಿ ಸಸಿಯನ್ನ ಎಳೇದಿರುವಾಗಲೇ ಕತ್ತರಿಸೋದು. ದೊಡ್ಡ ಗಿಡ ಆಗಿದ್ರೆ ಮಾತ್ರ ಕೀಳೋಕೆ ಹೋಗಬೇಡಿ, ಬೇರಿನ ಜೊತೆ ಕಲ್ಲೂ ಕಿತ್ತುಬರುತ್ತೆ, ಬುಡ ಕತ್ತರಿಸಿ ಬಿಟ್ಟು ಇಲಾಖೆಯವ್ರನ್ನ ಕರೆಸಿ. ನಿಮ್ಮ ಮನೆಯ ಸರ್ವೆ ನಂಬರ್ ಉತ್ತರ ಬಂದ್ಮೇಲೆ ಅದರ ಪ್ರತಿ ಜೊತೆ ಮತ್ತೆ ಬರೀರಿ, ರಿಪೇರಿ ಅರ್ಜೀಲಿ ಏನೇನು ಬರೀಬೇಕು ಅಂತ ಆಗ ಸರಿಯಾಗಿ ಹೇಳೋಕಾಗುತ್ತೆ.